ಆಸ್ಟ್ರೇಲಿಯದ ಸ್ವಯಂಸೇವಕ ಸೈನಿಕರು ತಮ್ಮ ಬೆಟಾಲಿಯನ್ನಿಗೆ ಅಷ್ಟು ಅಂಟಿಕೊಂಡದ್ದೇಕೆ?

ಪ್ರಶ್ನೆ — ಹಳೆಯ ಪುಟ

ಎಲ್ಲರಿಗೂ ನಮಸ್ಕಾರ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿದ ಆಸ್ಟ್ರೇಲಿಯದ ಪಡೆಗಳ ಬಗ್ಗೆ ಓದುತ್ತಿರುವಾಗ ಎರಡು ಸಂಗತಿಗಳು ಒಂದಕ್ಕೊಂದು ಹೊಂದುತ್ತಿಲ್ಲವೆಂದು ಅನ್ನಿಸಿ ಇಲ್ಲಿ ಕೇಳುತ್ತಿದ್ದೇನೆ. ಆಸ್ಟ್ರೇಲಿಯನ್ ಇಂಪೀರಿಯಲ್ ಫೋರ್ಸ್ ಎಂಬ ಆ ಪಡೆಯಲ್ಲಿ ಯುದ್ಧದ ಕೊನೆಯವರೆಗೂ ಇದ್ದವರೆಲ್ಲರೂ ತಾವಾಗಿಯೇ ಹೆಸರು ಬರೆಸಿದವರು. ಯಾರನ್ನೂ ಕಾನೂನಿನ ಬಲದಿಂದ ಎಳೆದು ತಂದಿರಲಿಲ್ಲ. ಹೀಗಿದ್ದೂ 1918ರ ಸೆಪ್ಟೆಂಬರಿನಲ್ಲಿ ಅದೇ ಪಡೆಯ ಕೆಲವು ಬೆಟಾಲಿಯನ್ನುಗಳ ಸೈನಿಕರು ಆಜ್ಞೆಯನ್ನು ಪಾಲಿಸಲು ನಿರಾಕರಿಸಿದರು. ಅವರು ಮನೆಗೆ ಕಳುಹಿಸಿ ಎಂದು ಕೇಳಿದ್ದರೆ ಅರ್ಥವಾಗುತ್ತಿತ್ತು. ಆದರೆ ಅವರು ಕೇಳಿದ್ದು ತಮ್ಮ ಬೆಟಾಲಿಯನ್ನನ್ನು ಒಡೆಯಬೇಡಿ, ಇದ್ದಂತೆಯೇ ಯುದ್ಧಕ್ಕೆ ಕಳುಹಿಸಿ ಎಂದು. ಒಂದು ಸಂಖ್ಯೆಯಿಂದ ಗುರುತಿಸಲ್ಪಡುವ ಸೇನಾ ಘಟಕಕ್ಕೆ ಜನ ಇಷ್ಟರಮಟ್ಟಿಗೆ ಕಟ್ಟುಬೀಳಲು ಕಾರಣವೇನು? ಅವರು ಸ್ವಇಚ್ಛೆಯಿಂದ ಬಂದವರು ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದರೊಂದಿಗೆ ಇನ್ನೊಂದು ಸಣ್ಣ ಪ್ರಶ್ನೆ. ಎರಡನೆಯ ಮಹಾಯುದ್ಧದ ಬರಹಗಳಲ್ಲಿ 39ನೇ ಬೆಟಾಲಿಯನ್ ಎಂದೂ 2/14ನೇ ಬೆಟಾಲಿಯನ್ ಎಂದೂ ಎರಡು ಬಗೆಯಲ್ಲಿ ಕಾಣುತ್ತದೆ. ಈ ವ್ಯತ್ಯಾಸ ಏನನ್ನು ಸೂಚಿಸುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ — ನಕ್ಷೆಗಾರ

ಸಂಬಂಧ ಖಂಡಿತವಾಗಿಯೂ ಇದೆ, ಮತ್ತು ಅದು ಕಾನೂನಿನಿಂದಲೇ ಆರಂಭವಾಗುತ್ತದೆ. 1903ರ ರಕ್ಷಣಾ ಕಾಯಿದೆಯ ಪ್ರಕಾರ ಆಸ್ಟ್ರೇಲಿಯದ ನಾಗರಿಕ ಸೇನೆಯನ್ನು, ಅಂದರೆ ಮಿಲಿಷಿಯಾವನ್ನು, ಅದರಲ್ಲಿದ್ದವರ ಒಪ್ಪಿಗೆಯಿಲ್ಲದೆ ದೇಶದ ಹೊರಗೆ ಕಳುಹಿಸುವಂತಿರಲಿಲ್ಲ. 1911ರಿಂದ ಹುಡುಗರಿಗೂ ಯುವಕರಿಗೂ ಕಡ್ಡಾಯ ಸೇನಾ ತರಬೇತಿ ಜಾರಿಯಲ್ಲಿತ್ತಾದರೂ ಅದರ ಉದ್ದೇಶ ಸ್ವದೇಶದ ರಕ್ಷಣೆ ಮಾತ್ರ. ಹೀಗಾಗಿ 1914ರ ಆಗಸ್ಟಿನಲ್ಲಿ ಬ್ರಿಟನ್ನಿಗೆ 20,000 ಸೈನಿಕರನ್ನು ಕೊಡುತ್ತೇವೆಂದು ಆಸ್ಟ್ರೇಲಿಯ ಸರ್ಕಾರ ಮಾತು ಕೊಟ್ಟಾಗ, ಇದ್ದ ಸೇನೆಯನ್ನು ಪಕ್ಕಕ್ಕಿಟ್ಟು ಸಂಪೂರ್ಣ ಹೊಸದೊಂದು ಪಡೆಯನ್ನೇ ಕಟ್ಟಬೇಕಾಯಿತು. ಮೇಜರ್ ಜನರಲ್ ವಿಲಿಯಂ ಥ್ರೋಸ್ಬಿ ಬ್ರಿಡ್ಜಸ್ ಅದರ ಹೊಣೆ ಹೊತ್ತರು. ಆ ವರ್ಷ ಮುಗಿಯುವ ಹೊತ್ತಿಗೆ 50,000ಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದರು.

ಈ ಹೊಸ ಪಡೆಯನ್ನು ಪ್ರದೇಶವಾರು ಕಟ್ಟಲಾಯಿತು ಎಂಬುದು ನಿಮ್ಮ ಪ್ರಶ್ನೆಗೆ ಬಹಳ ಮುಖ್ಯ. ನಾಲ್ಕು ಬೆಟಾಲಿಯನ್ನುಗಳು ಸೇರಿ ಒಂದು ಬ್ರಿಗೇಡ್, ಬ್ರಿಗೇಡುಗಳು ಸೇರಿ ಒಂದು ಡಿವಿಷನ್. ಮೊದಲ ಡಿವಿಷನ್ನಿನ 1ರಿಂದ 4ನೇ ಬೆಟಾಲಿಯನ್ನುಗಳು ನ್ಯೂ ಸೌತ್ ವೇಲ್ಸ್‌ನವು, 5ರಿಂದ 8ರವರೆಗಿನವು ವಿಕ್ಟೋರಿಯದವು, 9ನೆಯದು ಕ್ವೀನ್ಸ್‌ಲ್ಯಾಂಡಿನದು, 10ನೆಯದು ದಕ್ಷಿಣ ಆಸ್ಟ್ರೇಲಿಯದ್ದು, 11ನೆಯದು ಪಶ್ಚಿಮ ಆಸ್ಟ್ರೇಲಿಯದ್ದು. ಒಂದೇ ಪಟ್ಟಣದ, ಒಂದೇ ಗಣಿಯ, ಒಂದೇ ಕಚೇರಿಯ ಜನ ಒಟ್ಟಿಗೆ ಹೋಗಿ ಒಂದೇ ಕಂಪನಿಗೆ ಸೇರಿಕೊಳ್ಳುವುದು ಸಾಧ್ಯವಿತ್ತು. ಸೇರುವುದು ಅವರವರ ನಿರ್ಧಾರವಾಗಿದ್ದುದರಿಂದ, ಯಾರ ಜೊತೆ ಹೋಗುತ್ತೇನೆ ಎಂಬುದೂ ಆ ನಿರ್ಧಾರದ ಒಂದು ಭಾಗವಾಗಿತ್ತು.

ಇದರ ಮೇಲೆ ತೋಳಿನ ಬಣ್ಣದ ಪಟ್ಟಿಯೊಂದು ಬಂದಿತು. ಎರಡೂ ತೋಳುಗಳ ಮೇಲ್ಭಾಗದಲ್ಲಿ ಹೊಲಿದುಕೊಳ್ಳುವ ಸಣ್ಣ ಬಟ್ಟೆಯ ತುಂಡು ಅದು. ಅದರ ಆಕಾರ ಡಿವಿಷನ್ನನ್ನೂ, ಬಣ್ಣಗಳು ಬ್ರಿಗೇಡ್ ಮತ್ತು ಬೆಟಾಲಿಯನ್ನನ್ನೂ ಸೂಚಿಸುತ್ತಿದ್ದವು. ಉದಾಹರಣೆಗೆ 8ನೇ ಬೆಟಾಲಿಯನ್ನಿನದು ಅಡ್ಡಲಾದ ಆಯತ: ಮೇಲರ್ಧ ಬಿಳಿ, ಕೆಳಗಿನರ್ಧ ಕೆಂಪು. 1915ರಲ್ಲಿ ತುರ್ಕಿಯ ಗಲ್ಲಿಪೊಲಿಯಲ್ಲಿ ಹೋರಾಡಿದ ಪಡೆಗಳು ಈಜಿಪ್ಟಿಗೆ ಮರಳಿದ ಬಳಿಕ, 1916ರ ಆರಂಭದಲ್ಲಿ, ಹಳೆಯ 16 ಬೆಟಾಲಿಯನ್ನುಗಳನ್ನು ತಲಾ ಎರಡಾಗಿ ಸೀಳಿ, ಪ್ರತಿಯೊಂದರ ಅರ್ಧದಷ್ಟು ಅನುಭವಿಗಳನ್ನು ಹೊಸ ಬೆಟಾಲಿಯನ್ನುಗಳಿಗೆ ಕೊಟ್ಟು, ಉಳಿದ ಜಾಗಗಳನ್ನು ಹೊಸಬರಿಂದ ತುಂಬಲಾಯಿತು. 45ರಿಂದ 60ರವರೆಗಿನ ಬೆಟಾಲಿಯನ್ನುಗಳು ಹುಟ್ಟಿದ್ದು ಹೀಗೆ. ಹೀಗೆ ಬೇರೆಯಾದವರಿಗೂ ತಾಯಿ ಬೆಟಾಲಿಯನ್ನಿನ ಬಣ್ಣಗಳನ್ನೇ ಉಳಿಸಲಾಯಿತು; ಆಕಾರವಷ್ಟೇ ಬದಲಾಯಿತು. 8ನೆಯದರಿಂದ ಹುಟ್ಟಿದ 60ನೇ ಬೆಟಾಲಿಯನ್ ಬಿಳಿ ಮತ್ತು ಕೆಂಪನ್ನೇ ಧರಿಸಿತು, ಆದರೆ ಐದನೇ ಡಿವಿಷನ್ನಿನ ರೀತಿಯಂತೆ ನೆಟ್ಟಗೆ ನಿಲ್ಲಿಸಿದ ಆಯತದಲ್ಲಿ. ಸೇನಾಡಳಿತ ಮಾಡಿದ ಜಾಣ ಕೆಲಸಗಳಲ್ಲಿ ಇದೂ ಒಂದೆಂದು ನಾನು ಭಾವಿಸುತ್ತೇನೆ. ಸೀಳಿದ ದಿನ ಅಳುಮೋರೆ ಹಾಕಿದ ಹಳಬರಿಗೆ, ತಾವು ಬೇರೆ ಮನೆಗೆ ಹೋದರೂ ಅದೇ ವಂಶದವರು ಎನ್ನುವ ಭಾವನೆಯನ್ನು ಅದು ಕೊಟ್ಟಿತು.

ಆ 60ನೇ ಬೆಟಾಲಿಯನ್ ಫ್ರಾನ್ಸಿಗೆ ಬಂದ ಕೆಲವೇ ವಾರಗಳಲ್ಲಿ, 1916ರ ಜುಲೈ 19ರಂದು, ಫ್ರೋಮೆಲ್‌ನಲ್ಲಿ ದಾಳಿಗಿಳಿಯಿತು. ಐದನೇ ಡಿವಿಷನ್ ಆ ಒಂದು ಸಂಜೆ ಮತ್ತು ರಾತ್ರಿಯಲ್ಲಿ 5,533 ಜನರನ್ನು ಕಳೆದುಕೊಂಡಿತು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. 60ನೇ ಬೆಟಾಲಿಯನ್ ಒಂದರಿಂದಲೇ 757 ಜನ. ಬೆಟಾಲಿಯನ್ನೆಂದರೆ ಸುಮಾರು ಸಾವಿರ ಜನ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆಯನ್ನು ಓದಬೇಕು.

ಉತ್ತರ — ಕಾಲಗಣನೆ

ನಕ್ಷೆಗಾರರು ಘಟಕಗಳ ಕಡೆಯಿಂದ ಹೇಳಿದ್ದಾರೆ. ನಾನು ಊರಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ಕಳೆದುಹೋದ ಆ 757 ಜನರ ಜಾಗಕ್ಕೆ ಯಾರು ಬರಬೇಕಿತ್ತು ಎನ್ನುವುದೇ ಮುಂದಿನ ಎರಡು ವರ್ಷಗಳ ಆಸ್ಟ್ರೇಲಿಯದ ರಾಜಕೀಯವನ್ನು ನಿರ್ಧರಿಸಿತು.

ಆರಂಭದಲ್ಲಿ ಸೇನೆಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. 1914ರಲ್ಲಿ ಐದು ಅಡಿ ಆರು ಅಂಗುಲಕ್ಕಿಂತ ಕುಳ್ಳಗಿದ್ದವರನ್ನು ವಾಪಸು ಕಳುಹಿಸುತ್ತಿದ್ದರು. 1915ರ ಜೂನಿನಲ್ಲಿ ಆ ಮಿತಿ ಐದು ಅಡಿ ಎರಡು ಅಂಗುಲಕ್ಕಿಳಿಯಿತು, ವಯಸ್ಸಿನ ಮಿತಿ 38ರಿಂದ 45ಕ್ಕೇರಿತು, ಮತ್ತು 1917ರ ಹೊತ್ತಿಗೆ ಎತ್ತರ ಐದು ಅಡಿಯಿದ್ದರೆ ಸಾಕಾಯಿತು. ಗಲ್ಲಿಪೊಲಿಯ ಸುದ್ದಿ ತಲುಪಿದ ಬಳಿಕ, 1915ರ ಜುಲೈ ತಿಂಗಳೊಂದರಲ್ಲೇ 36,575 ಜನ ಸೇರಿದರು. ಇಡೀ ಯುದ್ಧದಲ್ಲಿ ಅಷ್ಟು ಜನ ಮತ್ತೊಂದು ತಿಂಗಳಲ್ಲಿ ಸೇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಗಿಲ್ಗಾಂಡ್ರಾ ಎಂಬ ಸಣ್ಣ ಪಟ್ಟಣದಿಂದ ಹೊರಟ ಸುಮಾರು ಮೂವತ್ತು ಜನ ದಾರಿಯುದ್ದಕ್ಕೂ ಊರೂರಿನಲ್ಲಿ ‘ಕೂಈ’ ಎಂದು ಕೂಗಿ ಕರೆಯುತ್ತಾ, ಸುಮಾರು 320 ಮೈಲಿ ನಡೆದು, ನವೆಂಬರ್ 12ರಂದು ಸಿಡ್ನಿ ಮುಟ್ಟುವಾಗ 263 ಜನರಾಗಿದ್ದರು. ಇಂಥ ನಡಿಗೆಗಳು ಆಮೇಲೆ ಬೇರೆ ಕಡೆಗಳಿಂದಲೂ ಹೊರಟವು.

ಆದರೆ ‘ಸ್ವಇಚ್ಛೆ’ ಎಂಬುದನ್ನು ತೀರಾ ಸರಳವಾಗಿ ತೆಗೆದುಕೊಳ್ಳಬಾರದು. ಬರಗಾಲದಿಂದ ಕೆಲಸವಿಲ್ಲದಿದ್ದ ಕೂಲಿಕಾರನಿಗೆ ದಿನಕ್ಕೆ ಆರು ಷಿಲಿಂಗ್ ದೊಡ್ಡ ಮೊತ್ತವೇ ಆಗಿತ್ತು. ಅದರಲ್ಲಿ ಒಂದು ಷಿಲಿಂಗನ್ನು ಯುದ್ಧ ಮುಗಿದ ಮೇಲೆ ಕೊಡುವುದಕ್ಕೆಂದು ಹಿಡಿದಿಡುತ್ತಿದ್ದರೂ, ಒಂದು ಷಿಲಿಂಗಿನಿಂದ ಆರಂಭಿಸುತ್ತಿದ್ದ ಬ್ರಿಟಿಷ್ ಸಿಪಾಯಿಯ ಮುಂದೆ ಅದು ಹೆಚ್ಚಿನದೇ. ಸಾಹಸದ ಆಸೆ, ಬ್ರಿಟನ್ನಿನ ಮೇಲಿನ ಅಭಿಮಾನ, ಸೇರದೇ ಉಳಿದವರಿಗೆ ಬಿಳಿ ಗರಿ ಕಳುಹಿಸಿ ಹೇಡಿಯೆಂದು ಮೂದಲಿಸುತ್ತಿದ್ದ ನೆರೆಹೊರೆ, ಸತ್ತ ಅಣ್ಣನ ನೆನಪು, ಇವೆಲ್ಲವೂ ಒಂದೇ ಸಹಿಯ ಹಿಂದೆ ಇರಬಹುದಾಗಿತ್ತು. ಮತ್ತೊಂದೆಡೆ, ಮನಸ್ಸಿದ್ದರೂ ಸೇರಲು ಬಿಡದ ಜನರಿದ್ದರು. ಯುರೋಪಿಯನ್ ಮೂಲದವರಲ್ಲ ಎಂಬ ಕಾರಣಕ್ಕೆ ಆದಿವಾಸಿಗಳನ್ನು ನೇಮಕಾತಿ ಕೇಂದ್ರಗಳು ತಿರಸ್ಕರಿಸುತ್ತಿದ್ದವು. ಜನ ಸಾಲದೆ ಹೋದಾಗ, 1917ರ ಮೇ ತಿಂಗಳಲ್ಲಿ, ತಂದೆತಾಯಿಗಳಲ್ಲಿ ಒಬ್ಬರು ಯುರೋಪಿಯನ್ನರಾಗಿದ್ದರೆ ಸೇರಿಸಿಕೊಳ್ಳಬಹುದೆಂದು ನಿಯಮವನ್ನು ಸಡಿಲಿಸಿದರು. ಹೇಗೋ ನುಸುಳಿ ಸೇರಿದವರನ್ನೂ ಲೆಕ್ಕ ಹಿಡಿದರೆ ಸಾವಿರಕ್ಕೂ ಹೆಚ್ಚು ಆದಿವಾಸಿಗಳು ಸೇವೆ ಸಲ್ಲಿಸಿದರು. ಮರಳಿ ಬಂದ ಬಿಳಿಯ ಸೈನಿಕರಿಗೆ ಸರ್ಕಾರ ಜಮೀನು ಹಂಚಿದಾಗ ಇವರಲ್ಲಿ ತೀರಾ ಕೆಲವರಿಗಷ್ಟೇ ಅದು ದಕ್ಕಿತು. ಇದು ಆ ಪಡೆಯ ಚರಿತ್ರೆಯಲ್ಲಿ ಅಳಿಸಲಾಗದ ಅನ್ಯಾಯ, ಮತ್ತು ಸ್ವಯಂಸೇವೆಯ ಹೆಮ್ಮೆಯನ್ನು ಹೇಳುವಾಗಲೆಲ್ಲ ಇದನ್ನೂ ಹೇಳಬೇಕೆಂದು ನನ್ನ ಆಗ್ರಹ.

ಫ್ರೋಮೆಲ್ ಮತ್ತು ಪೋಜಿಯೆ ಕದನಗಳ ನಂತರ ಪ್ರಧಾನಿ ಬಿಲ್ಲಿ ಹ್ಯೂಸ್ ಕಡ್ಡಾಯ ಸೇನಾಸೇವೆಯನ್ನು ಜನರ ಮುಂದಿಟ್ಟರು. 1916ರ ಅಕ್ಟೋಬರ್ 28ರಂದು ಪರವಾಗಿ 10,87,557 ಮತಗಳೂ ವಿರುದ್ಧವಾಗಿ 11,60,033 ಮತಗಳೂ ಬಿದ್ದವು. 1917ರ ಡಿಸೆಂಬರಿನಲ್ಲಿ ಎರಡನೆಯ ಬಾರಿ ಕೇಳಿದಾಗ ಸೋಲಿನ ಅಂತರ ಇನ್ನೂ ಹೆಚ್ಚಾಯಿತು. ಮೊದಲ ಮತದಾನದಲ್ಲಿ ಸೈನಿಕರ ಮತಗಳನ್ನು ಬೇರೆಯಾಗಿಯೂ ಎಣಿಸಲಾಗಿತ್ತು: ಪರವಾಗಿ 72,399, ವಿರುದ್ಧವಾಗಿ 58,894. ತಮ್ಮ ಪಕ್ಕದ ಖಾಲಿ ಜಾಗ ತುಂಬಲಿ ಎಂದು ಬಯಸಲು ಎಲ್ಲ ಕಾರಣಗಳಿದ್ದ ಜನರಲ್ಲೇ ಅಷ್ಟು ಮಂದಿ, ಒಲ್ಲದವನನ್ನು ಈ ನರಕಕ್ಕೆ ಕರೆತರಬೇಡಿ ಎಂದು ಮತ ಹಾಕಿದರು.

ಹಳೆಯ ಪುಟ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಬೆಟಾಲಿಯನ್ನುಗಳು ಕರಗುತ್ತಾ ಹೋದದ್ದು ಈ ಎರಡು ಮತದಾನಗಳ ನೇರ ಪರಿಣಾಮವೆಂದು ತಿಳಿಯಬಹುದೇ? 1918ರ ಘಟನೆ ಇಲ್ಲಿಂದಲೇ ಬಂತೇ? ಮತ್ತು ಆಜ್ಞೆ ಮೀರಿದವರಿಗೆ ಆದ ಶಿಕ್ಷೆ ಏನು?

ಉತ್ತರ — ನಕ್ಷೆಗಾರ

ಬಹುಮಟ್ಟಿಗೆ ಹೌದು. 1918ರ ಆರಂಭದಲ್ಲಿ ಬ್ರಿಟಿಷ್ ಸೇನೆ ಜನರ ಕೊರತೆಯಿಂದ ಪ್ರತಿ ಬ್ರಿಗೇಡಿನ ನಾಲ್ಕು ಬೆಟಾಲಿಯನ್ನುಗಳನ್ನು ಮೂರಕ್ಕಿಳಿಸಿತು. ಆಸ್ಟ್ರೇಲಿಯನ್ನರು ನಾಲ್ಕನ್ನೇ ಉಳಿಸಿಕೊಂಡರು. ಆದರೆ ಆ ವರ್ಷದ ವಸಂತದಲ್ಲಿ 36, 47 ಮತ್ತು 52ನೇ ಬೆಟಾಲಿಯನ್ನುಗಳನ್ನು ವಿಸರ್ಜಿಸಬೇಕಾಯಿತು. ಆಗಸ್ಟ್ 8ರ ಅಮಿಯೆನ್ಸ್ ದಾಳಿಯಿಂದ ಆರಂಭವಾದ ಸತತ ಮುನ್ನಡೆಯಲ್ಲಿ ಉಳಿದವುಗಳೂ ಮೂರು ನಾನೂರು ಜನರ ಗುಂಪುಗಳಾಗಿ ಸಣ್ಣಗಾದವು. ಆಗ ಸೆಪ್ಟೆಂಬರಿನಲ್ಲಿ ಇನ್ನೂ ಏಳು ಬೆಟಾಲಿಯನ್ನುಗಳನ್ನು ಒಡೆದು ಅವುಗಳ ಜನರನ್ನು ನೆರೆಯ ಬೆಟಾಲಿಯನ್ನುಗಳಿಗೆ ಹಂಚಬೇಕೆಂಬ ಆದೇಶ ಬಂದಿತು. ಅವುಗಳಲ್ಲಿ ನಾನು ಮೇಲೆ ಹೇಳಿದ 60ನೆಯದೂ ಒಂದು, 37ನೆಯದೂ ಒಂದು.

37ನೇ ಬೆಟಾಲಿಯನ್ನಿನವರು ಹೊಸ ಘಟಕಗಳತ್ತ ನಡೆಯಿರಿ ಎಂಬ ಅಪ್ಪಣೆಯಾದಾಗ ನಿಂತ ಜಾಗದಿಂದ ಕದಲಲಿಲ್ಲ. ಅಧಿಕಾರಿಗಳು ಹೊರಟುಹೋದ ಮೇಲೆ ತಮ್ಮೊಳಗಿಂದಲೇ ಮುಂದಾಳುಗಳನ್ನು ಆರಿಸಿಕೊಂಡು, ಕವಾಯತು, ಕಾವಲು, ಶಿಸ್ತು ಎಲ್ಲವನ್ನೂ ಎಂದಿನಂತೆಯೇ ನಡೆಸಿದರು. ಅವರಿಗೆ ಬರುವ ಆಹಾರ ನಿಂತಾಗ ಪಕ್ಕದ ಘಟಕಗಳವರು ತಮ್ಮ ಪಾಲಿನಿಂದ ಅವರಿಗೆ ತಲುಪಿಸಿದರು. ಅವರ ಬೇಡಿಕೆ ಒಂದೇ: ಮುಂದಿನ ಕದನಕ್ಕೆ ನಮ್ಮನ್ನು 37ನೆಯವರಾಗಿಯೇ ಕಳುಹಿಸಿ. ಇದನ್ನು ದಂಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ, ಸೇನಾ ಕಾನೂನಿನ ಭಾಷೆಯಲ್ಲಿ ಅದು ದಂಗೆಯೇ ಆಗಿದ್ದರೂ ಸಹ.

60ನೆಯವರ ಕಥೆ ಬೇರೆ ರೀತಿ ಮುಗಿಯಿತು. ಅವರ ಬ್ರಿಗೇಡಿನ ದಂಡನಾಯಕ ‘ಪಾಂಪಿ’ ಎಲಿಯಟ್, ಗಲ್ಲಿಪೊಲಿಯಲ್ಲಿ 7ನೇ ಬೆಟಾಲಿಯನ್ನನ್ನು ನಡೆಸಿದವರು, ಫ್ರೋಮೆಲ್ ದಾಳಿಯ ಮರುದಿನ ಹಿಂದಿರುಗಿ ಬಂದ ಬೆರಳೆಣಿಕೆಯ ಜನರ ಕೈ ಹಿಡಿದು ಕಣ್ಣೀರಿಟ್ಟವರು. ಅವರು ತಾವೇ ಬಂದು ಮಾತನಾಡಿದ ಬಳಿಕ 60ನೆಯವರು ಒಪ್ಪಿ 59ನೇ ಬೆಟಾಲಿಯನ್ನಿನೊಂದಿಗೆ ಒಂದಾದರು. ಬೇರಾರು ಬಂದು ಹೇಳಿದ್ದರೂ ಅವರು ಒಪ್ಪುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಉಳಿದವರ ವಿಷಯದಲ್ಲಿ ಆಸ್ಟ್ರೇಲಿಯದ ಡಿವಿಷನ್ನುಗಳು ಒಟ್ಟಾಗಿದ್ದ ಆಸ್ಟ್ರೇಲಿಯನ್ ಕೋರ್‌ನ ದಂಡನಾಯಕ ಜನರಲ್ ಜಾನ್ ಮೊನಾಶ್ ಬಲಪ್ರಯೋಗಕ್ಕಿಳಿಯದೆ ವಿಸರ್ಜನೆಯನ್ನೇ ಮುಂದೂಡಿದರು. ಮೊನಾಶ್ ಸ್ವತಃ ವೃತ್ತಿಯಿಂದ ಸಿವಿಲ್ ಇಂಜಿನಿಯರು. ಯುದ್ಧಕ್ಕೆ ಮುಂಚೆ ಅವರು ಬಿಡುವಿನ ವೇಳೆಯ ಮಿಲಿಷಿಯಾ ಅಧಿಕಾರಿಯಾಗಿದ್ದರು. 37ನೇ ಬೆಟಾಲಿಯನ್ ಸೆಪ್ಟೆಂಬರ್ ಕೊನೆಯಲ್ಲಿ ಜರ್ಮನರ ಕೋಟೆಸಾಲಾದ ಹಿಂಡನ್‌ಬರ್ಗ್ ರೇಖೆಯ ಮೇಲಿನ ದಾಳಿಯಲ್ಲಿ ತನ್ನ ಹೆಸರಿನಲ್ಲೇ ಹೋರಾಡಿತು. ಆಮೇಲೆ ಅಕ್ಟೋಬರಿನಲ್ಲಿ ಅದನ್ನು ವಿಸರ್ಜಿಸಲಾಯಿತು. ಬೆಟಾಲಿಯನ್ ಉಳಿಸಿಕೊಳ್ಳಲು ನಿಂತವರನ್ನು ಶಿಕ್ಷಿಸಲಿಲ್ಲ. ಸೆಪ್ಟೆಂಬರಿನಲ್ಲೇ 1ನೇ ಬೆಟಾಲಿಯನ್ನಿನ ನೂರಕ್ಕೂ ಹೆಚ್ಚು ಜನ, ಬಿಡುಗಡೆಯಾಗಿ ಹಿಂದೆ ಹೋಗಬೇಕಾದ ಹೊತ್ತಿಗೆ ಮತ್ತೆ ದಾಳಿಗೆ ಕಳುಹಿಸುತ್ತಿದ್ದಾರೆಂದು ದಣಿದು ಹಿಂದಿರುಗಿದಾಗ ಮಾತ್ರ ವಿಚಾರಣೆ ನಡೆದು ಸೆರೆವಾಸ ವಿಧಿಸಲಾಯಿತು. ಎರಡೂ ಗುಂಪುಗಳ ಜನ ಒಂದೇ ದಣಿವಿನಿಂದ ಬಂದವರು. ನೋಡಿದಷ್ಟೂ ನನಗೆ ಇಬ್ಬರ ಮೇಲೂ ಗೌರವ ಹೆಚ್ಚುತ್ತದೆ.

ಶಿಕ್ಷೆಯ ಬಗ್ಗೆ ಕೇಳಿದಿರಿ. ಆಸ್ಟ್ರೇಲಿಯದ ಕಾಯಿದೆಯ ಪ್ರಕಾರ ಮರಣದಂಡನೆಗೆ ಗವರ್ನರ್ ಜನರಲ್ ಅವರ ಅನುಮೋದನೆ ಬೇಕಿತ್ತು. ನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ ಸೈನಿಕರಿಗೆ ಸೇನಾ ನ್ಯಾಯಾಲಯಗಳು ಆ ಶಿಕ್ಷೆ ವಿಧಿಸಿದರೂ ಪಲಾಯನ ಅಥವಾ ಹೇಡಿತನಕ್ಕಾಗಿ ಒಬ್ಬರನ್ನೂ ಗುಂಡಿಕ್ಕಿ ಕೊಲ್ಲಲಿಲ್ಲ. ಬ್ರಿಟಿಷ್ ಸೇನಾನಾಯಕರು ಇದನ್ನು ಬದಲಿಸುವಂತೆ ಮತ್ತೆ ಮತ್ತೆ ಒತ್ತಾಯಿಸಿದರು. ತಾವಾಗಿ ಬಂದವರನ್ನು ಹಾಗೆ ಕೊಂದರೆ ಮುಂದೆ ಯಾರು ತಾನೇ ಸೇರಲು ಬಂದಾರು ಎಂಬ ಅಳುಕೂ ಆಸ್ಟ್ರೇಲಿಯ ಸರ್ಕಾರಕ್ಕಿತ್ತು.

ಉತ್ತರ — ದಳವಾಯಿ

39 ಮತ್ತು 2/14ರ ವ್ಯತ್ಯಾಸವನ್ನು ನಾನು ವಿವರಿಸುತ್ತೇನೆ. ಮೊದಲ ಯುದ್ಧ ಮುಗಿದ ಮೇಲೆ ಹಳೆಯ ಬೆಟಾಲಿಯನ್ನುಗಳ ಸಂಖ್ಯೆಗಳನ್ನೂ ಬಣ್ಣಗಳನ್ನೂ ಸ್ವದೇಶದ ಮಿಲಿಷಿಯಾ ಬೆಟಾಲಿಯನ್ನುಗಳಿಗೆ ವಹಿಸಲಾಯಿತು. 1939ರಲ್ಲಿ ಮತ್ತೆ ಯುದ್ಧ ಬಂದಾಗ ಅದೇ ಕಾನೂನು, ಅದೇ ತೊಡಕು: ಮಿಲಿಷಿಯಾ ಹೊರಗೆ ಹೋಗುವಂತಿಲ್ಲ. ಆದ್ದರಿಂದ ಎರಡನೆಯ ಇಂಪೀರಿಯಲ್ ಫೋರ್ಸನ್ನು ಮತ್ತೆ ಸ್ವಯಂಸೇವಕರಿಂದಲೇ ಕಟ್ಟಿದರು. ಅದರ ಬೆಟಾಲಿಯನ್ನುಗಳು ಮಿಲಿಷಿಯಾದವುಗಳೊಂದಿಗೆ ಬೆರೆತುಹೋಗದಂತೆ ಸಂಖ್ಯೆಯ ಮುಂದೆ ‘2/’ ಸೇರಿಸಿದರು; ತೋಳಿನ ಪಟ್ಟಿಯ ಬಣ್ಣಗಳ ಸುತ್ತ ಬೂದು ಬಣ್ಣದ ಅಂಚು ಕೊಟ್ಟರು. ಮೊದಲ ಡಿವಿಷನ್ನಿಗೆ 6ನೆಯದೆಂದು ಹೆಸರಿಡಲು ಕಾರಣವೂ ಇದೇ: ಮೊದಲ ಐದು ಸಂಖ್ಯೆಗಳು ಆಗಲೇ ಬಳಕೆಯಲ್ಲಿದ್ದವು. 6, 7, 8 ಮತ್ತು 9ನೇ ಡಿವಿಷನ್ನುಗಳು ಹೀಗೆ ಬಂದವು. ಬಾರ್ದಿಯಾ, ಟೋಬ್ರುಕ್, ಗ್ರೀಸ್, ಕ್ರೀಟ್, ಸಿರಿಯಾ, ಎಲ್ ಅಲಮೈನ್‌ಗಳಲ್ಲಿ ಹೋರಾಡಿದವರು ಇವರೇ. 8ನೇ ಡಿವಿಷನ್ನಿನ ಹೆಚ್ಚಿನವರು 1942ರ ಫೆಬ್ರವರಿ 15ರಂದು ಸಿಂಗಾಪುರ ಬಿದ್ದಾಗ ಜಪಾನಿಯರ ಸೆರೆಯಾದರು.

ಇತ್ತ ಮಿಲಿಷಿಯಾದಲ್ಲಿ ಕಡ್ಡಾಯವಾಗಿ ಕರೆಸಿಕೊಂಡವರೂ ತಾವಾಗಿ ಸೇರಿದವರೂ ಒಟ್ಟಿಗೇ ಇದ್ದರು. ಹೊರಗೆ ಹೋಗಿ ಹೋರಾಡಿದವರು ಇವರನ್ನು ‘ಚಾಕೊಲೇಟ್ ಸೈನಿಕರು’ ಎಂದು, ಬಿಸಿ ತಾಕಿದರೆ ಕರಗುವವರೆಂದು, ಹೀಯಾಳಿಸುತ್ತಿದ್ದರು. ಈ ತಿರಸ್ಕಾರ ಎಷ್ಟು ಅನ್ಯಾಯದ್ದೆಂಬುದನ್ನು ತೋರಿಸಿದ್ದು 39ನೇ ಬೆಟಾಲಿಯನ್. ನ್ಯೂಗಿನಿ ದ್ವೀಪದ ಆಗ್ನೇಯ ಭಾಗವಾದ ಪಾಪುವಾ ಆಸ್ಟ್ರೇಲಿಯದ ಆಡಳಿತದ ಪ್ರದೇಶವಾಗಿದ್ದುದರಿಂದ ಮಿಲಿಷಿಯಾವನ್ನು ಅಲ್ಲಿಗೆ ಕಳುಹಿಸಲು ಕಾನೂನಿನ ಅಡ್ಡಿಯಿರಲಿಲ್ಲ. 1942ರ ಜನವರಿಯಲ್ಲಿ ಪೋರ್ಟ್ ಮೋರ್ಸ್‌ಬಿ ತಲುಪಿದ 39ನೆಯವರಲ್ಲಿ ಇಪ್ಪತ್ತು ತುಂಬದವರು ಅನೇಕರಿದ್ದರು, ಮತ್ತು ಮೊದಲ ತಿಂಗಳುಗಳಲ್ಲಿ ಅವರಿಗೆ ಸಿಕ್ಕಿದ್ದು ತರಬೇತಿಗಿಂತ ಹೆಚ್ಚಾಗಿ ಹಡಗಿನ ಸರಕು ಇಳಿಸುವ, ಅಗೆಯುವ ಕೆಲಸ. ಜುಲೈ 21ರಂದು ಜಪಾನಿ ಪಡೆ ಉತ್ತರ ಕರಾವಳಿಯಲ್ಲಿ ಇಳಿದಾಗ ಓವನ್ ಸ್ಟ್ಯಾನ್ಲಿ ಪರ್ವತಗಳನ್ನು ದಾಟಿ ಎದುರಿಸಲು ಹೋದವರು ಇವರೇ. ಕೊಕೊಡಾದಲ್ಲಿ ಅವರ ದಂಡನಾಯಕ ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಓವೆನ್ ಹತರಾದರು. ಅವರ ಬಳಿಕ ಬಂದ ರಾಲ್ಫ್ ಹಾನರ್ ಅವರ ನಾಯಕತ್ವದಲ್ಲಿ, ಆಗಸ್ಟ್ ಕೊನೆಯ ವಾರದಲ್ಲಿ, ಇಸುರಾವಾದಲ್ಲಿ ಹಸಿವು, ಜ್ವರ, ಭೇದಿಗಳಿಂದ ಸೊರಗಿದ್ದ ಆ ಹುಡುಗರು ಎಡೆಬಿಡದ ದಾಳಿಗಳ ಮುಂದೆ ನಿಂತರು.

ಅವರ ನೆರವಿಗೆ ಬಂದದ್ದು ಸಿರಿಯಾದಲ್ಲಿ ಹೋರಾಡಿದ್ದ 2/14ನೇ ಬೆಟಾಲಿಯನ್, ಅಂದರೆ ಬೂದು ಅಂಚಿನವರು. ಎರಡೂ ವಿಕ್ಟೋರಿಯದ ಬೆಟಾಲಿಯನ್ನುಗಳೇ. ಆಗಸ್ಟ್ 29ರಂದು 2/14ರ ಬ್ರೂಸ್ ಕಿಂಗ್ಸ್‌ಬರಿ ಬ್ರೆನ್ ಎಂಬ ಹಗುರ ಮಷೀನ್ ಗನ್ನನ್ನು ಸೊಂಟದ ಮಟ್ಟದಲ್ಲಿ ಹಿಡಿದು ಮುನ್ನುಗ್ಗಿ, ಶತ್ರುವನ್ನು ಹಿಮ್ಮೆಟ್ಟಿಸಿ, ಕೆಲವೇ ಕ್ಷಣಗಳಲ್ಲಿ ಗುಂಡೇಟಿಗೆ ಬಲಿಯಾದರು. ಮರಣೋತ್ತರವಾಗಿ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. 39ನೆಯವರಿಗೆ ಹಿಂದೆ ಹೋಗಲು ಅವಕಾಶವಿದ್ದರೂ ಅವರು 2/14ರ ಜೊತೆಗೆ ಉಳಿದು ಹೋರಾಡಿದರು. ಆಮೇಲೆ ಆ ಕಣಿವೆಗಳಲ್ಲಿ ಹೀಯಾಳಿಕೆಗೆ ಜಾಗವಿರಲಿಲ್ಲ. ಆ ಹಾದಿಯಲ್ಲಿ ಗಾಯಾಳುಗಳನ್ನೂ ಸಾಮಾನುಗಳನ್ನೂ ಹೊತ್ತ ಪಾಪುವಾದ ಜನರಲ್ಲಿ ಬಹುಮಂದಿಯನ್ನು ಮಾತ್ರ ಬಲವಂತದಿಂದಲೇ ದುಡಿಸಲಾಗಿತ್ತು ಎಂಬುದನ್ನು ಬಿಟ್ಟು ಈ ಕಥೆಯನ್ನು ಹೇಳಬಾರದು.

39ನೇ ಬೆಟಾಲಿಯನ್ ಡಿಸೆಂಬರಿನಲ್ಲಿ ಉತ್ತರ ಕರಾವಳಿಯ ಗೋನಾವನ್ನು ಗೆದ್ದುಕೊಟ್ಟಿತು, 1943ರ ಜುಲೈನಲ್ಲಿ ಅದನ್ನು ವಿಸರ್ಜಿಸಿ ಉಳಿದವರನ್ನು ಬೇರೆ ಬೆಟಾಲಿಯನ್ನುಗಳಿಗೆ ಹಂಚಿದರು. ಆ ವರ್ಷದ ಫೆಬ್ರವರಿಯಲ್ಲೇ ಕಾನೂನು ಬದಲಾಗಿ, ಮಿಲಿಷಿಯಾವನ್ನು ನೈಋತ್ಯ ಪೆಸಿಫಿಕ್‌ನ ಗೊತ್ತುಪಡಿಸಿದ ವಲಯದಲ್ಲೆಲ್ಲ ಕಳುಹಿಸಬಹುದಾಗಿತ್ತು.

ಉತ್ತರ — ಕಾಲಗಣನೆ

ದಳವಾಯಿಯವರ ವಿವರಣೆಗೆ ಒಂದು ಪ್ರಾಯೋಗಿಕ ಮಾತು. ನೀವು ಮೂಲ ಸೇವಾ ದಾಖಲೆಗಳನ್ನು ಓದಲು ಹೊರಟರೆ ಸೈನಿಕನ ಸಂಖ್ಯೆಯನ್ನು ಗಮನಿಸಿ. ಮೊದಲ ಯುದ್ಧದಲ್ಲಿ ಘಟಕಗಳು ತಮ್ಮದೇ ಸಂಖ್ಯಾಶ್ರೇಣಿಯನ್ನು ಬಳಸುತ್ತಿದ್ದುದರಿಂದ ಒಂದೇ ಸಂಖ್ಯೆಯ ಹಲವು ಸೈನಿಕರು ಸಿಗುತ್ತಾರೆ. ಹೆಸರು ಮತ್ತು ಬೆಟಾಲಿಯನ್ ಎರಡೂ ಇಲ್ಲದೆ ಹುಡುಕಿದರೆ ದಾರಿ ತಪ್ಪುವುದು ಖಚಿತ. ಎರಡನೆಯ ಯುದ್ಧದಲ್ಲಿ ಸಂಖ್ಯೆಯ ಮೊದಲ ಅಕ್ಷರ ರಾಜ್ಯವನ್ನು ಸೂಚಿಸುತ್ತದೆ: ವಿಕ್ಟೋರಿಯಕ್ಕೆ ‘ವಿ’, ನ್ಯೂ ಸೌತ್ ವೇಲ್ಸ್‌ಗೆ ‘ಎನ್’ ಹೀಗೆ. ಅದರ ಜೊತೆ ‘ಎಕ್ಸ್’ ಇದ್ದರೆ ಆತ ಎಲ್ಲಿಗಾದರೂ ಹೋಗಲು ಒಪ್ಪಿ ಇಂಪೀರಿಯಲ್ ಫೋರ್ಸಿಗೆ ಸೇರಿದವನು. ಮಿಲಿಷಿಯಾದಲ್ಲಿದ್ದು ನಡುವೆ ಮನಸ್ಸು ಮಾಡಿದವರ ಕಡತದಲ್ಲಿ ‘ವಿ’ ಸಂಖ್ಯೆಗೆ ಗೆರೆ ಎಳೆದು ‘ವಿಎಕ್ಸ್’ ಸಂಖ್ಯೆ ಬರೆದಿರುವುದನ್ನು ಕಾಣಬಹುದು.

ಮೊದಲ ಯುದ್ಧದ ಕಡತಗಳಲ್ಲಿ ಬಿ103 ಎಂಬ ನಮೂನೆಯನ್ನು ಮೊದಲು ತೆರೆಯಿರಿ. ಘಟಕಕ್ಕೆ ಸೇರ್ಪಡೆ, ಗಾಯ, ಆಸ್ಪತ್ರೆ, ರಜೆ, ವರ್ಗಾವಣೆ ಎಲ್ಲವೂ ಅದರಲ್ಲಿ ದಿನಾಂಕದೊಂದಿಗೆ ಸಾಲಾಗಿ ಇರುತ್ತವೆ. 60ನೇ ಬೆಟಾಲಿಯನ್ನಿನಲ್ಲಿ ಕೊನೆಯವರೆಗೂ ಉಳಿದವರ ನಮೂನೆಯಲ್ಲಿ, 1918ರ ಸೆಪ್ಟೆಂಬರ್ ಕೊನೆಯ ದಿನಗಳ ಸಾಲಿನ ಬಳಿ, ವರ್ಗಾವಣೆಯಾದ ಘಟಕವಾಗಿ 59ನೇ ಬೆಟಾಲಿಯನ್ನಿನ ಹೆಸರನ್ನು ಹುಡುಕಿ ನೋಡಿ.